ನೀರೊಳಗೆ ದೊಡ್ಡದಾಗಿ ಕಾಣುತ್ತದೆ

ಕಡಲ ದಂಡೆಯ ವಸತಿಗೃಹದಿಂದ,
ಫೆಬ್ರವರಿ ೧೧, ಭಾನುವಾರ

ಮುದ್ದು ಪುಟ್ಟಮ್ಮನಿಗೆ ಅಪ್ಪನ ಆಶೀರ್ವಾದಗಳು.

ಕಾಗದ ತಡವಾಯಿತು, ಬೈಯಬೇಡ. ಮನೆಯಿಂದ ನಡೆಯಲು ಹೊರಟು ತಿಂಗಳಾಗುತ್ತ ಬಂತು, ಊಟ ಮುಗಿಯುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಕಾಲು ಇರುವುದು ಬ್ರೇಕು ಒತ್ತುವುದಕ್ಕೆ ಮಾತ್ರ ಅಲ್ಲ ಎಂಬುದು ಜೀವಮಾನವಿಡೀ ಬಸ್ಸು ಓಡಿಸಿದ ನನಗೆ ಈಗ ಗೊತ್ತಾಗಿದೆ. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ನಿನ್ನಮ್ಮನಿಗೆ ಒಂದೂ ಇಲ್ಲ.

ಅವಳ ಕಣ್ಣು ಮಂದವಾಗುತ್ತಿರುವುದು ನಿನಗೆ ಗೊತ್ತೇ ಇದೆ. ಸೂಜಿಗೆ ದಾರ ಪೋಣಿಸಲಾಗದ ದಿನವೇ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ, "ಕಾಣೋವಷ್ಟು ದಿನ ನೋಡ್ಕೊಂಡು ಬರೋಣ, ನಡೀರಿ" ಅಂದಳು. ಅಂದಿನಿಂದ ಅವಳು ಮುಂದೆ, ನಾನು ಹಿಂದೆ. ಬಸ್ಸಿನಲ್ಲಿ ಹೋದರೆ ಎಲ್ಲ ಓಡಿಹೋಗುತ್ತದಂತೆ; ನಡೆದರೆ ಅವಳು ನೋಡಿ ಮುಗಿಸುವವರೆಗೂ ಮರ ನಿಂತಿರುತ್ತದಂತೆ. ನನ್ನ ವೃತ್ತಿಗೇ ಅವಮಾನ, ಆದರೂ ಅವಳ ಹಿಂದೆಯೇ ಹೆಜ್ಜೆ ಹಾಕಿದೆ.

ಕಡಲು ಸಿಕ್ಕ ಮೇಲೆ ಕೆಲವು ದಿನ ಇಲ್ಲೇ ಕಾಲು ಚಾಚಿದ್ದೇವೆ. ಕಿಟಕಿಯ ತುಂಬ ಒದ್ದೆ ಸಾಕ್ಸು, ಹಾಸಿಗೆಯ ತುಂಬ ಮರಳು. ಮೊನ್ನೆ ದೋಣಿ ನಡೆಸುವ ಹೆಂಗಸು ಸ್ನಾರ್ಕೆಲಿಂಗ್‌ಗೆ ಕರೆದಳು. ಮುಖಕ್ಕೆ ಗಾಜಿನ ಮಾಸ್ಕು, ಬಾಯಲ್ಲಿ ಕೊಳವೆ, ನೀರಿನ ಮೇಲೆ ಬೋರಲು ಮಲಗಿ ಕೆಳಗೆ ನೋಡುವುದು. ಟವೆಲ್ ಕಾಯುವ ಕೆಲಸ ನನ್ನದು ಎಂದೆ. ನಿನ್ನಮ್ಮ ನೀರಿಗೆ ಇಳಿದೇಬಿಟ್ಟಳು.

ಮೊದಲು ಉಪ್ಪುನೀರು ಕುಡಿದು ಕೆಮ್ಮಿದಳು. ಇನ್ನು ಸಾಕು ಎಂದು ದೋಣಿಯಿಂದ ಕೈ ಚಾಚಿದರೆ ನನ್ನ ಕೈಯನ್ನೇ ತಳ್ಳಿದಳು. ಆಮೇಲೆ ಅವಳು ಆಡಿದ್ದೇ ಆಟ. ಹೊಸಬರು ಇಷ್ಟು ಸಮಾಧಾನವಾಗಿ ಉಸಿರಾಡಿದ್ದನ್ನು ಕಂಡಿಲ್ಲ ಎಂದಳು ದೋಣಿಯವಳು. ನಿನ್ನಮ್ಮ ಮೇಲೆದ್ದು ಮಾಸ್ಕು ಸರಿಸಿ, "ರೀ, ನೀರೊಳಗೆ ಎಲ್ಲಾ ದೊಡ್ಡದಾಗಿ, ಹತ್ತಿರ ಕಾಣತ್ತೆ. ಮೀನಿನ ಮೈಮೇಲಿನ ಗೆರೆನೂ ಕಂಡ್ತು" ಅಂದಳು. ಗಾಜಿನ ಮೂಲಕ ನೀರಲ್ಲಿ ನೋಡಿದರೆ ಎಲ್ಲರಿಗೂ ಹಾಗೇ ಎಂದು ದೋಣಿಯವಳು ಹೇಳಿದ್ದು ಅವಳ ಕಿವಿಗೇ ಬೀಳಲಿಲ್ಲ. ಒಂದು ಮೀನಿಗೆ ಅಂಚು ಕಟ್ಟಿದೆಯಂತೆ, ಇನ್ನೊಂದರ ಬೆನ್ನಿಗೆ ಗುಂಡಿಯ ಕಾಜ ಹೊಲಿದ ಹಾಗೆ ಚುಕ್ಕಿಗಳಂತೆ. ಇಷ್ಟು ವರ್ಷ ಸಂಸಾರ ಮಾಡಿ ಇವಳ ಧೈರ್ಯವೆಲ್ಲ ನನಗೆ ಗೊತ್ತು ಅಂದುಕೊಂಡಿದ್ದೆ, ಏನೂ ಗೊತ್ತಿರಲಿಲ್ಲ. ಹೆಮ್ಮೆಯಾಯಿತು, ಬರೆಯಲು ನನಗೇನೂ ನಾಚಿಕೆಯಿಲ್ಲ.

ಮಗು ನಡೆಯಲು ಕಲಿತ ಮೇಲೆ ಕರೆತರುತ್ತೇನೆ ಎಂದಿದ್ದೀಯ. ಅಲ್ಲಿಯವರೆಗೆ ತನಗೂ ನಡಿಗೆ ಚೆನ್ನಾಗಿ ಅಭ್ಯಾಸವಾಗಿರುತ್ತದೆ ಎಂದು ಅಮ್ಮ ನಗುತ್ತಾಳೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೂವರೂ ನೂರ್ಕಾಲ ತಣ್ಣಗಿರಿ.

ನಿನ್ನ
ಅಪ್ಪ

ತಾ.ಕ.: ನೀನು ಕಳಿಸಿದ್ದ ಮಗುವಿನ ಫೋಟೋ ಹಾಳಾಯಿತು, ಇನ್ನೊಂದು ಕಳಿಸಬೇಕಂತೆ. ಹೇಗೆ ಹಾಳಾಯಿತೆಂದು ಬರೆಯಕೂಡದು ಎಂದು ಅಮ್ಮನ ಅಪ್ಪಣೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಇರುತ್ತಾಳೆ. ಫೋಟೋ ನೋಡಿ, ಥೇಟ್ ನಿನ್ನ ಹಾಗೇ ಇದೆ ಎಂದು ಹೇಳಿದಳಲ್ಲ, ಆಗ ಅವಳಿಗೆ ಏನೂ ಕಂಡಿರಲಿಲ್ಲ. ನಿನ್ನೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೊಡ್ಡದಾಗಿ ಕಾಣುತ್ತದೆಂದು ನೀರೊಳಗೆ ಒಯ್ದಳು. ಚೀಲಕ್ಕೆ ನೀರು ನುಗ್ಗಿತು. ಮೇಲೆ ಬಂದು "ಕೆನ್ನೇಲಿ ಗುಳಿ ಇದೆ ಅಲ್ವೇನ್ರೀ?" ಎಂದು ಕೇಳಿದಳು. ಮಗುವಿನ ಕೆನ್ನೆಯಲ್ಲಿ ಗುಳಿ ಇಲ್ಲ. ಇದೆ ಎಂದೆ. ಅವಳ ಕಣ್ಣಿಗೆ ಡಾಕ್ಟರು ಕೊಟ್ಟಿರುವ ಕಾಲ ಬಹಳವಿಲ್ಲ ಪುಟ್ಟಮ್ಮ. ಮಗು ನಡೆಯಲೆಂದು ಕಾಯಬೇಡ, ಎತ್ತಿಕೊಂಡೇ ಬಾ.