ಇಷ್ಟು ದಿನ ನಿಮ್ಮ ಆಸ್ಪತ್ರೆಯಲ್ಲೇ ಇದ್ದೆವು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಮೊಲೆಯಲ್ಲೊಂದು ಗಂಟು ಕೈಗೆ ಸಿಕ್ಕ ಹೆಂಗಸು ನಿಮ್ಮ ಆಸ್ಪತ್ರೆಗೆ ಬಂದರೆ ಮೊದಲು ಯಾವ ಡಾಕ್ಟರರ ಮುಂದೆ ಕೂರಬೇಕು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದ ನೀವು ಅದನ್ನು ನಮ್ಮನ್ನೇ ಕೇಳುತ್ತೀರಿ ಎಂಬುದು ನನ್ನ ದೂರು. ಕೇಸ್ ಪೇಪರ್ ಕೊಡುವ ಕಿಟಕಿಯಲ್ಲಿ ಕೂತ ಗುಮಾಸ್ತರು ತಲೆಯೆತ್ತದೆ "ಕೌನ್ಸಾ ಡಿಪಾರ್ಟ್‌ಮೆಂಟ್?" ಎನ್ನುತ್ತಾರೆ. ಹಿಂದಿನ ಸಾಲು ದಬ್ಬುತ್ತಿರುತ್ತದೆ. ವೈದ್ಯಕೀಯ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿದವರು ತೂಗಿ ನೋಡಿ ಹೇಳಬೇಕಾದದ್ದನ್ನು ಕಿಟಕಿಯ ಈಚೆ ನಿಂತವಳು ಒಂದೇ ಉಸಿರಿನಲ್ಲಿ ತೀರ್ಮಾನಿಸಬೇಕು. ಅವಳು ಏನು ಹೇಳಿದರೆ ಅದನ್ನೇ ನೀವು ಅಚ್ಚು ಹಾಕಿ ಕೈಗೆ ಕೊಡುತ್ತೀರಿ. ರೋಗಿಯ ಬುದ್ಧಿವಂತಿಕೆಯ ಮೇಲೆ ಇಷ್ಟೊಂದು ವಿಶ್ವಾಸವಿಟ್ಟ ಸಂಸ್ಥೆಯನ್ನು ನನ್ನ ಜನ್ಮದಲ್ಲಿ ಇನ್ನೊಂದು ಕಂಡಿಲ್ಲ.

ನನ್ನ ಹೆಸರು ಶಿವಕುಮಾರಿ. ಇಲ್ಲೇ ಮುಂಬಯಿಯ ವಡಾಲದ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಊರು ವಿಜಯಪುರದ ಕಡೆ, ಮನೆ ಜೋಗೇಶ್ವರಿ. ಹೋದ ವರ್ಷ ತೀರಿಕೊಂಡ ಕಾಶವ್ವ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಚಾಳಿನ ಒಂದೇ ಖೋಲಿಯಲ್ಲಿ ನಡುವೆ ಸೀರೆ ಇಳಿಬಿಟ್ಟು ಎರಡು ಸಂಸಾರ ಮಾಡಿದವರು ನಾವು. ಚಾಳು ಕೆಡವಿ ಬಿಲ್ಡಿಂಗ್ ಎದ್ದು ಎದುರುಬದುರು ಬಾಗಿಲು ಸಿಕ್ಕ ಮೇಲೂ ಬೆಳಗಿನ ಚಹಾ ಒಂದೇ ಪಾತೇಲಿಯಲ್ಲಿ ಕುದಿಯುತ್ತಿತ್ತು. ಅವಳು ಪವಾಯಿಯ ದೊಡ್ಡ ಬಿಲ್ಡಿಂಗುಗಳಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದಳು. ಅವಳ ಕೈಯ ಜೋಳದ ರೊಟ್ಟಿಗಾಗಿ ಸಿಂಧಿಗಳ ಮನೆಯವರೂ ಕಾದು ಕೂರುತ್ತಿದ್ದರು ಎಂಬುದು ಅವಳ ಹೆಮ್ಮೆ.

ಒಂದು ಶ್ರಾವಣ ಸೋಮವಾರ ಪೂಜೆ ಮುಗಿಸಿ ಎದ್ದವಳು ನನ್ನ ಕೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡಳು. "ಇಲ್ಲಿ ಮುಟ್ಟಿ ನೋಡ ಶಿವಿ. ಕರಡಗಿ ತಿಕ್ಕಿ ತಿಕ್ಕಿ ಗಂಟ ಆಗ್ಯದ" ಎಂದಳು. ನಾವು ಲಿಂಗ ಕಟ್ಟಿಕೊಂಡ ಜನ. ಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳಲು ಅತ್ತೆ ಕೊಟ್ಟ ಬೆಳ್ಳಿಯ ಕರಡಿಗೆ ಅವಳ ಎಡಗಡೆಗೇ ಬಂದು ಕೂರುತ್ತಿತ್ತು. ಬಸ್ಸಿನ ನೂಕಾಟದಲ್ಲಿ ಒತ್ತುತ್ತಿತ್ತು, ರೊಟ್ಟಿ ಬಡಿಯುವಾಗ ತಾಗುತ್ತಿತ್ತು. ಅಲ್ಲಿನ ಚರ್ಮ ಕೆಂಪಾಗಿ ಒರಟಾಗಿತ್ತು, ಅದರ ಅಡಿಯಲ್ಲಿ ಹುಣಸೆಬೀಜದಷ್ಟು ಗಟ್ಟಿ. ನೋವಿಲ್ಲ. ನೋಯದ್ದು ರೋಗವಲ್ಲ ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ. ಅವಳು ಶಿವದಾರವನ್ನು ಗಿಡ್ಡ ಮಾಡಿಕೊಂಡಳು, ಕರಡಿಗೆಗೆ ಮೆತ್ತನೆಯ ಅರಿವೆ ಸುತ್ತಿದಳು, ಲಿಂಗದಿಂದ ಆದದ್ದನ್ನು ಲಿಂಗವೇ ಕರಗಿಸುತ್ತದೆ ಎಂದು ದೀಪಾವಳಿಯವರೆಗೆ ಕಾದಳು.

ಈ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಕರಡಿಗೆ ಕಟ್ಟದವಳು ಈ ತಪ್ಪು ಮಾಡಲಾರಳು, ತನ್ನದೇ ಬೇರೊಂದನ್ನು ಮಾಡುತ್ತಾಳೆ. ಒಬ್ಬಳು ಕೂಸಿನ ಹಲ್ಲು ತಾಗಿದ್ದು ಎನ್ನುತ್ತಾಳೆ, ಇನ್ನೊಬ್ಬಳು ಲೋಕಲ್ ರೈಲಿನಲ್ಲಿ ಯಾರದೋ ಮೊಣಕೈ ಬಡಿಯಿತು ಎನ್ನುತ್ತಾಳೆ. ಜನ ಆಸ್ಪತ್ರೆಗೆ ಬರುವುದೇ ಇಂಥ ನಂಬಿಕೆಗಳನ್ನು ಹೊತ್ತುಕೊಂಡು. ಬಾಗಿಲಲ್ಲಿ ಅವನ್ನು ಇಳಿಸಿಕೊಳ್ಳುವವರು ಒಬ್ಬರಾದರೂ ಬೇಕಲ್ಲವೇ? ನಿಮ್ಮ ಕಿಟಕಿಯಲ್ಲಿ ಆದದ್ದು ಅದರ ತದ್ವಿರುದ್ಧ. ಯಾವ ವಿಭಾಗ ಎಂದು ಕೇಳಿದ ಕೂಡಲೇ ಅಕ್ಕ "ಚಮಡೀ ಕಾ" ಎಂದಳು. ಗುಮಾಸ್ತರು ಚರ್ಮ ವಿಭಾಗದ ಕೋಣೆ ಸಂಖ್ಯೆ ಬರೆದು ಕೊಟ್ಟರು. ಅಲ್ಲಿಗೆ ಕರಡಿಗೆಯ ಕಥೆಗೆ ಸರಕಾರಿ ಮುದ್ರೆ ಬಿತ್ತು.

ಚರ್ಮದ ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ಸುತ್ತಲೂ ಕಲಿಯುವ ಹುಡುಗರು ನಿಂತಿದ್ದರು, ಪರದೆಯೂ ಇರಲಿಲ್ಲ. ಅಕ್ಕ ಕುಪ್ಪಸದ ಅಂಚನ್ನು ಎರಡು ಬೆರಳಷ್ಟು ಸರಿಸಿ ಕೆಂಪಾದದ್ದನ್ನು ತೋರಿಸಿದಳು. ಗಂಟಿನ ಮಾತು ಎತ್ತಲಿಲ್ಲ. ಗಂಡನ ಮುಂದೆಯೇ ಆ ಅಂಗದ ಹೆಸರು ಎತ್ತದ ಹೆಂಗಸು ಅಷ್ಟು ಗಂಡುಮಕ್ಕಳ ಮುಂದೆ ಹೇಗೆ ಹೇಳಿಯಾಳು? ಬೆಳ್ಳಿಯ ಅಲರ್ಜಿ ಎಂದರು, ಮುಲಾಮು ಬರೆದರು. ಕೆಂಪು ಒಂದಿಷ್ಟು ಇಳಿಯಿತು, ಅಕ್ಕ ನನ್ನ ಮುಂದೆ ಗೆದ್ದವಳಂತೆ ಕೂತಳು. ಹುಣಸೆಬೀಜ ಮಾತ್ರ ಅಡಿಕೆಯಾಗಿತ್ತು.

ಎರಡನೆಯ ಸಲ ವಿಭಾಗ ಆರಿಸಿದವಳು ನಾನು. ಹೆಂಗಸರ ಅಂಗ, ಅಂದಮೇಲೆ ಹೆಂಗಸರ ವಿಭಾಗ. ಇದರಲ್ಲಿ ತರ್ಕದೋಷವೇನಾದರೂ ಇದೆಯೇ, ನೀವೇ ಹೇಳಿ. ಬಸುರಿಯರ ನಡುವೆ ಕಾದು ಕೂತೆವು. ಒಳಗಿದ್ದ ಎಳೆಯ ಡಾಕ್ಟರಮ್ಮ ಕೈಯಿಟ್ಟು ನೋಡಿ, ಸಣ್ಣ ದನಿಯಲ್ಲಿ "ಆಂಟಿ, ಇದು ನಮ್ಮಲ್ಲಿ ನೋಡಲ್ಲ, ಸರ್ಜರಿಗೆ ಹೋಗಿ. ತಡ ಮಾಡಬೇಡಿ" ಎಂದು ಹಿಂದಿಯಲ್ಲಿ ಹೇಳಿದಳು. ಆ ಹುಡುಗಿಗೆ ಇವತ್ತಿಗೂ ನನ್ನ ನಮಸ್ಕಾರ. ಆದರೆ ಸರ್ಜರಿಯ ಹೊರರೋಗಿ ವಿಭಾಗ ಅವತ್ತು ಇರಲಿಲ್ಲ. ಮತ್ತೊಂದು ದಿನ ಪವಾಯಿಯ ಮನೆಗಳಿಗೆ ರಜೆ ಹೇಳಿ ಹೋದರೆ, ನಿಮ್ಮ ಯೂನಿಟ್, ಅಂದರೆ ನಿಮ್ಮನ್ನು ನೋಡಬೇಕಾದ ಡಾಕ್ಟರರ ತಂಡ, ಇವತ್ತಿನದಲ್ಲ ಎಂದರು. ತಡ ಮಾಡಬೇಡಿ ಎಂಬ ಮಾತು ಯಾರಿಗೆ ಹೇಳಿದ್ದು ಎಂದು ಆಗ ನನಗೆ ಗೊಂದಲವಾಯಿತು.

ಅಷ್ಟರಲ್ಲಿ ಸರ್ಜರಿ ಎಂಬ ಶಬ್ದ ಮನೆಯೊಳಗೆ ಬಂದು ಕೂತುಬಿಟ್ಟಿತ್ತು. ನಮ್ಮ ಜನಕ್ಕೆ ಸರ್ಜನ್ ಎಂದರೆ ಕೊಯ್ಯುವವ. ಎಲ್ಲ ಡಾಕ್ಟರರೂ ಕೈಚೆಲ್ಲಿದ ಮೇಲೆ ಕೊನೆಗೆ ಹೋಗುವ ಬಾಗಿಲು ಅದು. "ಕೊಯ್ಯಾಂವನ ಕಡೆ ಮೊದಲ ಹ್ಯಾಂಗ ಹೋಗೂದು? ರೋಗ ಯಾವದಂತ ಇನ್ನಾ ಯಾರೂ ಹೇಳಿಲ್ಲ" ಎಂದು ಅಕ್ಕ ಹಟ ಹಿಡಿದಳು. ಅವಳ ಗಂಡ ಪರಪ್ಪ ಭಾವನವರು ಲೇಥ್ ಮಶೀನಿನ ಮುಂದೆ ಆಯುಷ್ಯ ಕಳೆದ ಮನುಷ್ಯ, ಮಾತು ಕಡಿಮೆ. ಅವರೇ ಒಂದು ದಿನ ಬಾಯಿ ಬಿಟ್ಟು, "ಸೀದಾ ಕ್ಯಾನ್ಸರ್ ದವಾಖಾನಿಗೆ ಹೋಗಿಬಿಡೂಣು" ಎಂದರು. ಅಕ್ಕ ಹಿಟ್ಟಿನ ಕೈ ತೊಳೆದುಕೊಂಡು ಬಂದು ಗಂಡನ ಎದುರು ನಿಂತಳು. "ಆ ಮೆಟ್ಟಲಾ ಹತ್ತಿದ್ದು ಮಂದಿಗಿ ಗೊತ್ತಾದ್ರ ನಾಳೆ ಸಪ್ನಾನ್ನ ಯಾರ ಮಾಡ್ಕೋತಾರ್ರಿ?" ಸಪ್ನಾ ಅವರ ಒಬ್ಬಳೇ ಮಗಳು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಗಂಟು ತನ್ನ ಪಾಡಿಗೆ ಬೆಳೆಯಿತು.

ಗಂಟು ಏನೆಂದು ಕೈಯಿಟ್ಟು ನೋಡುವವರು, ಯಾವ ಎಕ್ಸ್‌ರೇ ಫೋಟೋ ತೆಗೆಯಬೇಕು, ಸೂಜಿ ಹಾಕಿ ಎಲ್ಲಿಂದ ತುಣುಕು ತೆಗೆಯಬೇಕು ಎಂದು ನಿರ್ಧರಿಸುವವರು ಸರ್ಜನ್ನರೇ. ಅವರು ನೋಡಿದ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಕತ್ತಿ ಮುಟ್ಟದೆಯೇ ಎಷ್ಟೋ ಜನ ಮನೆಗೆ ಹೋಗುತ್ತಾರೆ. ಈ ಎರಡು ವಾಕ್ಯ ನಮಗೆ ಮೊದಲ ದಿನ ಯಾರಾದರೂ ಹೇಳಿದ್ದರೆ? ನಿಮ್ಮ ಗೋಡೆಗಳ ಮೇಲೆ ಜಾಗವಿಲ್ಲವೆನ್ನುವಂತಿಲ್ಲ. ಉಗುಳಬೇಡಿ ಎಂದು ಬರೆದಿದ್ದೀರಿ, ಮೊಬೈಲ್ ಕಳವಾದರೆ ನಾವು ಹೊಣೆಯಲ್ಲ ಎಂದು ಮೂರು ಭಾಷೆಯಲ್ಲಿ ಬರೆದಿದ್ದೀರಿ.

ಹೋಳಿಯ ಹಿಂದುಮುಂದಿನ ದಿನಗಳಲ್ಲಿ ಅಂತೂ ಸರ್ಜನ್ನರು ಸಿಕ್ಕರು. ಅಕ್ಕ ಕಣ್ಣು ಮುಚ್ಚಿಕೊಂಡು ಮಲಗಿದಳು. ಅವರು ಅವಳ ತೋಳೆತ್ತಿ ಕಂಕುಳಲ್ಲಿ ಬೆರಳಾಡಿಸಿದರು, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, "ಇತ್ನೇ ದಿನ್ ಕಹಾಂ ಥೀ ಆಪ್?" ಇಷ್ಟು ದಿನ ಎಲ್ಲಿದ್ದಿರಿ ಎಂದು ಗದರಿದರು. ಅಕ್ಕ ಕಣ್ಣು ತೆರೆದು ತನ್ನ ಹರಕು ಹಿಂದಿಯಲ್ಲಿ ಹೇಳಿದಳು, "ಯಹೀಂ ಥೀ ಸಾಬ್. ಆಪ್ ಕೇ ಹೀ ದವಾಖಾನೇ ಮೇಂ." ವ್ಯಂಗ್ಯ ಮಾಡುವ ಹೆಂಗಸಲ್ಲ ಅವಳು, ಇಲ್ಲೇ ನಿಮ್ಮದೇ ದವಾಖಾನೆಯಲ್ಲಿದ್ದೆ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಸರ್ಜನ್ನರು ಕೇಸ್ ಪೇಪರ್ ಎಳೆದುಕೊಂಡು ಬರೆಯತೊಡಗಿದರು. ಆಮೇಲಿನ ಫೋಟೋ, ಸೂಜಿ, ಸಲೈನು, ಉದುರಿದ ಕೂದಲು, ಬೆನ್ನುಮೂಳೆಗೆ ಇಳಿದ ನೋವು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳು. ಅಂಗೈಯಲ್ಲಿ ಲಿಂಗವಿಟ್ಟು ಅವಳನ್ನು ಮಣ್ಣು ಮಾಡಿದೆವು.

ದೆವ್ವ ಭೂತ ನಂಬುವವಳಲ್ಲ ನಾನು, ಆಯುಷ್ಯವಿಡೀ ಮಕ್ಕಳಿಗೆ ವಿಜ್ಞಾನ ಹೇಳಿದವಳು. ಆದರೂ ಬೆಳಿಗ್ಗೆ ಎದುರುಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಬಾಗಿಲು ತೆಗೆದರೆ ಪರಪ್ಪ ಭಾವ ಪಾವ್ ಅದ್ದಿಕೊಂಡು ಒಬ್ಬರೇ ಚಹಾ ಕುಡಿಯುತ್ತಿರುತ್ತಾರೆ. ಲೋಕಲ್‌ನಲ್ಲಿ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದರೆ ಸಾಕು, ಅಕ್ಕ ನಿಮ್ಮ ಕಾರಿಡಾರಿನಲ್ಲಿ ಸೆರಗು ಹೊದ್ದು ನಡೆಯುತ್ತಿದ್ದಾಳೆ. ಚರ್ಮ ವಿಭಾಗದ ಬಾಗಿಲಲ್ಲಿ ಇಣುಕುತ್ತಾಳೆ, ಬಸುರಿಯರ ಬೆಂಚಿನ ತುದಿಗೆ ಕೂರುತ್ತಾಳೆ, ಮತ್ತೆ ಏಳುತ್ತಾಳೆ. ಅಲ್ಲಲ್ಲ ಅಕ್ಕಾ, ಮೇಲಿನ ಮಾಳಿಗೆ, ಸರ್ಜರಿ, ಮೊದಲು ಅಲ್ಲಿಗೇ ಹೋಗು ಎಂದು ನಾನು ಕೂಗುತ್ತೇನೆ. ಅವಳಿಗೆ ಕೇಳುವುದಿಲ್ಲ. ಈಗ ನನಗೆ ಉತ್ತರ ಚೆನ್ನಾಗಿ ಗೊತ್ತು, ಅದನ್ನು ಹೊತ್ತುಕೊಂಡು ತಿರುಗುವುದು ಬಹಳ ಕಷ್ಟವಾಗುತ್ತದೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೋದ ವಾರ ಸಪ್ನಾ ಆಫೀಸಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ, ಕನ್ನಡ ತಡವರಿಸುತ್ತದೆ. "ಕಾಕು, ಇಧರ್ ಕುಛ್ ಲಗ್ ರಹಾ ಹೈ. ಗಂಟು ಇದ್ದಂಗ ಅದ" ಎಂದಳು. ನಾನು ಒಲೆ ಆರಿಸಿದೆ. ನಾಳೆಯೇ ಹೋಗೋಣ ಎಂದೆ. ಅವಳು ತಲೆಯಾಡಿಸಿದಳು. "ನಹೀ ಜಾನಾ ಕಾಕು. ಮಮ್ಮೀನೂ ಹೋಗಿದ್ಳಲಾ. ಎಲ್ಲಾ ಕಡೆ ಹೋಗಿದ್ಳು."

ಖಾಸಗಿಗೆ ಹೋಗಬಾರದೇ ಎನ್ನುವಿರಿ. ಸಪ್ನಾಳಿಗೆ ಕಂಪನಿಯ ವಿಮೆಯೂ ಇದೆ. ಒಂದು ದೊಡ್ಡ ಆಸ್ಪತ್ರೆಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, "ಯಾವ ಸ್ಪೆಷಲಿಸ್ಟ್ ಬೇಕು ಮ್ಯಾಡಮ್? ಗೈನಕ್, ಸರ್ಜನ್, ಆಂಕಾಲಜಿಸ್ಟ್?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಿಮ್ಮ ಕಿಟಕಿಯ ಪ್ರಶ್ನೆಯೇ, ಎಸಿ ಹಾಕಿಸಿಕೊಂಡಿತ್ತು. ಅದಲ್ಲದೆ ಪವಾಯಿಯಲ್ಲಿ ಅಕ್ಕನ ಜೊತೆ ಅಡಿಗೆ ಮಾಡುತ್ತಿದ್ದ ಹೆಂಗಸರು ಯಾವ ವಿಮೆ ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಅವರು ಬರುವುದು ನಿಮ್ಮಲ್ಲಿಗೇ.

ಆದ್ದರಿಂದ ನನ್ನ ಬೇಡಿಕೆ. ವಿಭಾಗ ಯಾವುದೆಂದು ಕೇಳುವುದನ್ನು ಬಿಟ್ಟು ಏನಾಗಿದೆ ಎಂದು ಕೇಳುವ ಒಬ್ಬ ನರ್ಸನ್ನು ಕಿಟಕಿಯ ಬಳಿ ಕೂರಿಸಿ. ಮೊಲೆಯಲ್ಲಿ ಗಂಟು, ಸ್ರಾವ, ಚರ್ಮದ ಬದಲಾವಣೆ ಎಂದು ಬಂದವಳನ್ನು ಅದೇ ದಿನ, ಯಾವ ಯೂನಿಟ್ ಎಂದು ನೋಡದೆ, ಒಂದೇ ಕೋಣೆಗೆ ಕಳಿಸಿ. ಆ ಕೋಣೆಗೆ ಪರದೆ ಇರಲಿ, ಹೆಣ್ಣು ಡಾಕ್ಟರಿಲ್ಲದಿದ್ದರೆ ಪಕ್ಕದಲ್ಲಿ ಒಬ್ಬ ಹೆಂಗಸಾದರೂ ನಿಂತಿರಲಿ. ಸರ್ಜನ್ ಎಂದರೆ ಮೊದಲು ನೋಡುವವರು ಎಂದು ಉಗುಳಬೇಡಿ ಫಲಕದ ಪಕ್ಕದಲ್ಲೇ ಬರೆಸಿ, ಕನ್ನಡದಲ್ಲೂ ಬರೆಸಿ, ಅಕ್ಷರ ತಿದ್ದಿಕೊಡಲು ನಾನಿದ್ದೇನೆ. ಮತ್ತು ಇಷ್ಟು ದಿನ ಎಲ್ಲಿದ್ದೆ ಎಂದು ಯಾವ ಹೆಂಗಸನ್ನೂ ಕೇಳಕೂಡದೆಂದು ಆಜ್ಞೆ ಹೊರಡಿಸಿ.

ಇಷ್ಟೆಲ್ಲ ಆಗುವತನಕ ಕಾಯಲು ನನ್ನಲ್ಲಿ ಸಮಯವಿಲ್ಲ. ಸೋಮವಾರ ಸಪ್ನಾ ಬರುತ್ತಾಳೆ, ನಿನ್ನೆ ಕಡೆಗೂ ಒಪ್ಪಿದಳು. ಅವಳದು ಒಂದೇ ಷರತ್ತು. "ಈ ಸಲ ನಾವ್ ಗೆಸ್ ಮಾಡೂದ್ ಬ್ಯಾಡ ಕಾಕು" ಎಂದಿದ್ದಾಳೆ. ಯಾವ ವಿಭಾಗ ಎಂದು ಕೇಳಿದರೆ, ನನಗೆ ಗೊತ್ತಿದ್ದರೂ, ನಾವಿಬ್ಬರೂ ಅದರ ಹೆಸರು ಹೇಳುವುದಿಲ್ಲ. ಅವಳು "ನನ್ನ ಮೊಲೆಯಲ್ಲಿ ಒಂದು ಗಂಟಿದೆ" ಎಂದು ಕಿಟಕಿಗೆ ಕೇಳುವಷ್ಟು ಜೋರಾಗಿ ಹೇಳುತ್ತಾಳೆ. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಅಭ್ಯಾಸ ಮಾಡಿಸಿದ್ದೇನೆ. ಅವಳ ತಾಯಿ ಈ ಮಾತನ್ನು ಯಾವ ಭಾಷೆಯಲ್ಲೂ ಹೇಳದೆ ಹೋದಳು. ಮಗಳು ಹೇಳಿಬಿಟ್ಟ ಮೇಲೆ ಮುಂದಿನ ಮಾತು ನೀವು ಆಡಬೇಕು.

ಇಂತಿ,
ಸರಿಯಾದ ಬಾಗಿಲು ಯಾವುದೆಂದು ಒಂದು ಜೀವ ಕೊಟ್ಟು ಕಲಿತ,
ಶಿವಕುಮಾರಿ
ಜೋಗೇಶ್ವರಿ