ನೂರೊಂದು ದೊಡ್ಡದೋ, ತೊಂಬತ್ತು ದೊಡ್ಡದೋ

ಮಾರ್ಚ್ 4
ಏಳನೇ ಕ್ಲಾಸಿನ ಮೇಷ್ಟ್ರು ನನ್ನನ್ನು ಕೊರಡು ಅನ್ನುತ್ತಿದ್ದರು. ಈಗ ಬಂದು ನೋಡಲಿ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ, ಬಾಯ್ಲರ್ ಪಕ್ಕದ ಗಾಜಿನ ಕೋಣೆ — ಕೂತು ಕಂಪ್ಯೂಟರ್‌ಗೇ ಬುದ್ಧಿ ಹೇಳುತ್ತಿದ್ದೇನೆ! ಕಾಲೇಜಿಗೆ ಹೋಗುವ ಅಕ್ಕನ ಮಗಳು ಕಲಿಸಿಕೊಟ್ಟಳು. ನೀರಿನ ಬಿಸಿ ತೊಂಬತ್ತು ದಾಟಿದರೆ ಗಂಟೆ ಬಾರಿಸು, ಇಲ್ಲದಿದ್ದರೆ ಸುಮ್ಮನಿರು. ಇಷ್ಟೇ. ಇದಕ್ಕೆ ಇಂಜಿನಿಯರ್ ಬೇರೆ ಬೇಕೇ?

ಮಾರ್ಚ್ 6, ಮಧ್ಯಾಹ್ನ
ಹುಡುಗಿಯದು ಒಂದೇ ರಾಗ. "ಮಾಮ, ನೀನು ಟೈಪ್ ಮಾಡಿದ್ದನ್ನ ಅದು ಅಕ್ಷರ ಅಂದ್ಕೊಳ್ಳುತ್ತೆ. ಮೊದಲನೇ ಅಂಕಿ ನೋಡೇ ಚಿಕ್ಕದು ದೊಡ್ಡದು ಅಂದ್ಬಿಡುತ್ತೆ. ಸಂಖ್ಯೆ ಮಾಡೋ ಸಾಲೊಂದು ಸೇರಿಸು."
"ತೊಂಬತ್ತು ಸಂಖ್ಯೆ ಅಲ್ದೆ ನಿಮ್ಮಜ್ಜಿ ಹೆಸರೇನೇ?"
95 ಒತ್ತಿದೆ — ಢಣ್! 85 — ಸದ್ದಿಲ್ಲ. ಸಾಲು ಸೇರಿಸಲಿಲ್ಲ.

ಮಾರ್ಚ್ 9
ಅಕ್ಕನ ಗಂಡ, ಭಾವ, ಇಪ್ಪತ್ತು ವರ್ಷದಿಂದ ಈ ಬಾಯ್ಲರ್ ಕಾಯುತ್ತಿದ್ದಾರೆ. ಬಿಸಿ ಏರಿದರೆ ಕೈ ತಾನಾಗಿ ಬೆಂಕಿ ಇಳಿಸುತ್ತದೆ. ಹೇಳಿದೆ: "ಇನ್ಮೇಲೆ ಅರ್ಧ ಗಂಟೆಗೊಮ್ಮೆ ಮೀಟರ್ ಓದಿ, ಕಂಪ್ಯೂಟರಲ್ಲಿ ಆ ಅಂಕಿ ಒತ್ತಿ. ಯೋಚನೆ ಮಷೀನಿಗೆ ಬಿಡಿ."
"ಮಷೀನೇ ತೂಕಡಿಸಿದ್ರೆ?"
"ಅದಕ್ಕೇನು ನಿಮ್ಮ ಹಾಗೆ ಊಟದ ಮೇಲೆ ನಿದ್ದೆ ಬರುತ್ತಾ ಭಾವ?"
ಸುತ್ತಲಿದ್ದ ಕೆಲಸದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ.

ಮಾರ್ಚ್ 21
ಪೆನ್ನು ಹಿಡಿಯಲು ಆಗಿರಲಿಲ್ಲ. ಹದಿನೇಳರಂದು ಬಾಯ್ಲರ್ ಒಡೆಯಿತು. ಭಾವ ಎರಡು ದಿನ ನರಳಿದರು. ಹೋದರು.
ಮ್ಯಾನೇಜರ್ ವರದಿ ಬರೆಯುತ್ತಿದ್ದಾನೆ. "ಗಂಟೆ ಹೊಡೆದಿರುತ್ತೆ. ಮನುಷ್ಯ ಮಲಗಿದ್ದ. ನೀನೇ ಹೇಳ್ತಿದ್ದೆಯಲ್ಲ, ನಿದ್ದೆ ಅಂತ?"
ಎದ್ದು ಹೊರಗೆ ಬಂದೆ.
ಆ ದಿನ ಭಾವ ಫೋನ್ ಮಾಡಿದ್ದರು. "ನೂರೊಂದು ತೋರಿಸ್ತಿದೆ ಮಾರಾಯ. ಗಂಟೆ ಇಲ್ಲ." ನಾನು ಚಹಾದಂಗಡಿಯಲ್ಲಿ, ಸುತ್ತ ನಾಲ್ಕು ಜನ... "ಗಂಟೆ ಇಲ್ಲ ಅಂದ್ರೆ ಮೀಟರೇ ಕೆಟ್ಟಿರುತ್ತೆ ಭಾವ. ಹೋಗಿ ಎರಡೇಟು ತಟ್ಟಿ ನೋಡಿ."
ತಟ್ಟಲು ಹೋದರು.

ಮಾರ್ಚ್ 23, ಬೆಳಗ್ಗೆ 11
ಗಾಜೆಲ್ಲ ಒಡೆದಿದೆ, ಕೋಣೆ ಉಳಿದಿದೆ. ಕಂಪ್ಯೂಟರೂ. ಭಾವ ಒತ್ತಿದ್ದೆಲ್ಲ ಅದರಲ್ಲಿದೆ. ಹತ್ತು ಗಂಟೆಗೆ 88. ಹತ್ತೂವರೆಗೆ 101. ಹತ್ತು ನಲವತ್ತಕ್ಕೆ 107 — ಹೊತ್ತಿಗೆ ಮೊದಲೇ, ಅನುಮಾನ ಬಂದು ಒತ್ತಿದ್ದು. ಮಲಗಿದವನ ಕೈ ಅಲ್ಲ. ಮಷೀನು ಮೊದಲ ಅಂಕಿಯನ್ನಷ್ಟೇ ನೋಡಿದೆ: ಒಂಬತ್ತರ ಎದುರು ಒಂದು ಚಿಕ್ಕದು. ಅದಕ್ಕೇ ನೂರೊಂದು ಚಿಕ್ಕದಾಯಿತು.
ಅಳಿಸಲು ಒಂದು ಕೀಲಿ ಸಾಕು. ಬೆರಳು ಅದರ ಮೇಲೇ ಇತ್ತು, ಬಹಳ ಹೊತ್ತು.
ಆಮೇಲೆ ಹುಡುಗಿ ಹೇಳಿದ್ದ ಸಾಲು ಸೇರಿಸಿದೆ. 101 ಒತ್ತಿದೆ. ಢಣ್.
ಬಾಗಿಲಲ್ಲಿ ಅಕ್ಕ. ಭಾವನ ಅಂಗಿ, ಬುತ್ತಿ ಡಬ್ಬಿ ಒಯ್ಯಲು ಬಂದವಳು.
"ಅವರು ಮಲಗಿದ್ರಂತಲ್ಲೋ ತಮ್ಮಾ..." ಅಂದಳು. ಆಮೇಲೆ ಗಂಟೆಯ ಕಡೆ ನೋಡಿದಳು. "ಈಗ್ಯಾಕೆ ಹೊಡೀತು ಇದು?"
ಕುರ್ಚಿ ಎಳೆದು ಕೂತಿದ್ದಾಳೆ. ಡಬ್ಬಿ ಮಡಿಲಲ್ಲಿ. ನಾನು ಬರೆಯುತ್ತಿರುವವರೆಗೆ ಮಾತಾಡಬೇಕಿಲ್ಲ. ಸಾಕು, ಪೆನ್ನು ಕೆಳಗಿಡುತ್ತೇನೆ. ಅಕ್ಕಾ, ಭಾವ ಮಲಗಿರಲಿಲ್ಲ, ನಾನು