ಕಂದು ಬಣ್ಣದ ಚಿಕ್ಕಮ್ಮ

ಮಾರ್ಚ್ 3, ಸೋಮವಾರ

ಸ್ಟುಡಿಯೋದಲ್ಲಿ ಬೆಳಿಗ್ಗೆಯಿಂದ ಒಂಬತ್ತು ಪಾಸ್‌ಪೋರ್ಟ್ ಫೋಟೋ. ಒಬ್ಬರಿಗೆ ತಲೆಯಲ್ಲಿ ಕೂದಲು ‘ಸ್ವಲ್ಪ ಸೇರಿಸಿ’ ಕೊಡಬೇಕಂತೆ. ಪಾಸ್‌ಪೋರ್ಟಿಗೆ ಆಗಲ್ಲ ಸಾರ್ ಅಂದೆ. ಹಾಗಾದ್ರೆ ಇನ್ನೊಂದು ತೆಗೀರಿ, ಅದು ಮನೆಗೆ ಅಂದರು.

ಮಧ್ಯಾಹ್ನ ಚಿಕ್ಕಮ್ಮ ಬಂದಳು. ಆಸ್ಪತ್ರೆಯಿಂದ ನೇರ, ಯೂನಿಫಾರ್ಮಿನಲ್ಲೇ. ತಿಂಗಳ ಕೊನೆಗೆ ರಿಟೈರ್. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ, ಅದರಲ್ಲಿ ಹನ್ನೊಂದು ವರ್ಷ ಹೆಡ್ ನರ್ಸ್. ವಾರ್ಡಿನ ಕಾರಿಡಾರಿನಲ್ಲಿ ಹಿಂದಿನ ನಾಲ್ಕು ಹೆಡ್ ನರ್ಸುಗಳ ಫೋಟೋ ಇದೆಯಂತೆ — ಹಳೇ ಕಂದು ಬಣ್ಣದವು. ಐದನೆಯದು ಇವಳದು.

“ನಂದೂ ಹಂಗೇ ಇರ್ಬೇಕು ಕಣೇ ಪುಟ್ಟಿ. ಕಂದು ಮಾಡಿದ್ರೆ ಎಲ್ಲಾ ಕಂದೇ ತಾನೇ?”

ಅರ್ಥವಾಯಿತು. ಬಾಯಿಯ ಸುತ್ತ, ಎಡಗಣ್ಣಿನ ಕೆಳಗೆ, ಕೈಗಳ ಮೇಲೆ ಬಿಳಿ ಮಚ್ಚೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಶುರುವಾದದ್ದು. ಅಲ್ಲಿಂದೀಚೆಗೆ ಯಾವ ಕ್ಯಾಮೆರಾಕ್ಕೂ ಮುಖ ಕೊಟ್ಟವಳಲ್ಲ. ನನ್ನ ಮದುವೆ ಆಲ್ಬಮ್ಮಿನ ತುಂಬ ಅವಳ ಬೆನ್ನು, ಮೊಣಕೈ. ಅಮ್ಮ ಹೋದ ಮೇಲೆ, ನನಗೆ ಏಳು ವರ್ಷವಿದ್ದಾಗಿನಿಂದ ಸಾಕಿದವಳು.

ಬುಧವಾರ ಬಾ ಅಂದೆ. ಮನಸ್ಸು ಬದಲಾಯಿಸದಿದ್ದರೆ ಸಾಕು.

ಮಾರ್ಚ್ 5

ಬಂದಳು! ಸ್ಟೂಲಿನ ಮೇಲೆ ಇಂಜೆಕ್ಷನ್ನಿಗೆ ಕಾಯುವವಳ ಹಾಗೆ ಕೂತಳು. ಮೂವತ್ತು ಫ್ರೇಮ್ ದಂಡ.

“ಬಂದವರಿಗೆಲ್ಲ ನಾನೇ ಹೇಳ್ತೀನಿ, ಭಯ ಬೇಡ, ಉಸಿರು ಬಿಡು ಅಂತ. ಈಗ ನಂಗೇ ಯಾರಾದ್ರೂ ಹೇಳ್ಬೇಕು.”

“ಭಯ ಬೇಡ ಚಿಕ್ಕಮ್ಮ. ಉಸಿರು ಬಿಡು.”

ನಕ್ಕಳು. ಅದೇ ಕ್ಷಣ ಒತ್ತಿದೆ.

ಮಾರ್ಚ್ 6

ಕಂದು ಮಾಡಿದ ಮಾತ್ರಕ್ಕೆ ಎಲ್ಲಾ ಕಂದಾಗುವುದಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ತೆಗೆದು ಸೆಪಿಯಾ, ಅದೇ ಹಳೇ ಕಂದು ಛಾಯೆ, ಹಚ್ಚಿದರೆ ಮಚ್ಚೆ ಇನ್ನೂ ಎದ್ದು ಕಂಡಿತು. ತಿಳಿ ಇದ್ದದ್ದು ತಿಳಿಯಾಗಿಯೇ ಉಳಿಯುತ್ತದೆ. ನೀಲಿಯ ಪಾಲು ಹೆಚ್ಚಿಸುವ ಸ್ಲೈಡರ್ ಏರಿಸಿದೆ — ಮುಖವೆಲ್ಲ ಭೂಪಟ. ಕೆಂಪು ಏರಿಸಿದೆ. ಸುತ್ತಲಿನ ಚರ್ಮವೂ ತಿಳಿಯಾಗುತ್ತ ಬಂದು ಮಚ್ಚೆ ಅದರೊಳಗೆ ಕರಗಿಹೋಯಿತು. ಉಳಿದಷ್ಟನ್ನು ಕೈಯಿಂದ ತಿದ್ದಿದೆ. ತಿದ್ದಿದ ಕಡೆ ಚರ್ಮ ಪ್ಲಾಸ್ಟಿಕ್ಕಿನಂತೆ ನುಣುಪಾಗಿತ್ತು. ಮೇಲೆ ಗ್ರೇನ್ ಹಾಕಿದೆ, ಹಳೇ ಫಿಲ್ಮಿನ ಆ ಮರಳು ಮರಳು. ಜಾಸ್ತಿಯಾಗಿ ಚಿಕ್ಕಮ್ಮ ಧೂಳು ಗಾಳಿಯಲ್ಲಿ ನಿಂತ ಹಾಗಾಯಿತು! ಇಳಿಸಿದೆ. ತೇಪೆ ಹಾಕಿದ್ದು ಗೊತ್ತೇ ಆಗುವುದಿಲ್ಲ.

ಆಮೇಲೆ ಇನ್ನೊಂದು ಮಾಡಿದೆ, ನನಗೋಸ್ಕರ. ಮಚ್ಚೆ ಇದ್ದ ಹಾಗೇ, ನಗು ಇದ್ದ ಹಾಗೇ. ಹದಿನೈದು ವರ್ಷದಲ್ಲಿ ಇಷ್ಟು ಒಳ್ಳೆಯ ಚಿತ್ರ ತೆಗೆದಿಲ್ಲ.

ಮಾರ್ಚ್ 7

ಎರಡನೆಯದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅಂಗಡಿಯ ಮುಂದಿನ ಗಾಜಿನಲ್ಲಿಟ್ಟೆ. ಇವರು ಆಫೀಸಿನಿಂದ ಬರುತ್ತ ನೋಡಿದರು.

“ಅವರನ್ನ ಕೇಳಿದ್ಯಾ?”

“ಸರ್ಪ್ರೈಸ್.”

“ಯಾರಿಗೆ? ನಿಂಗೋ, ಅವರಿಗೋ?”

ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ.

ಮಾರ್ಚ್ 8

ಇವರಿಗೆ ತಿಳಿದಿತ್ತು. ನನಗೇ ತಿಳಿದಿರಲಿಲ್ಲ.

ಚಿಕ್ಕಮ್ಮ ವಾರ್ಡಿನ ಇಬ್ಬರು ನರ್ಸುಗಳ ಜೊತೆ ನಡೆದು ಬರುತ್ತಿದ್ದಳು. ಗಾಜಿನೆದುರು ಮೂವರೂ ನಿಂತರು. ಅವರಿಬ್ಬರನ್ನು ಕಳಿಸಿ ಒಳಗೆ ಬಂದಳು. ಕೂಗಾಡಲಿಲ್ಲ.

“ತೆಗಿ ಅದನ್ನ.”

“ಎಷ್ಟು ಚೆನ್ನಾಗಿದ್ದೀಯ ಅದರಲ್ಲಿ! ಯಾಕೆ ಮುಚ್ಕೋಬೇಕು ಚಿಕ್ಕಮ್ಮ?”

“ಮುಚ್ಕೊಳ್ಳೋದು ಬಿಡೋದು ನನ್ನಿಷ್ಟ. ನಿನ್ನ ಧೈರ್ಯ ತೋರ್ಸೋಕೆ ನನ್ನ ಮುಖಾನೇ ಬೇಕಿತ್ತಾ?”

ಹೊರಟೇ ಹೋದಳು. ತೆಗೆದಿಟ್ಟೆ.

ಮಾರ್ಚ್ 19

ಹನ್ನೊಂದು ದಿನ. ಫೋನ್ ಮಾಡಿದರೆ “ಡ್ಯೂಟಿಲಿದ್ದೀನಿ”. ಅಷ್ಟೇ. ರಜೆಯ ದಿನವೂ ಡ್ಯೂಟಿಯಲ್ಲೇ.

ಮಾರ್ಚ್ 21, ಸಂಜೆ

ಅವಳ ಮನೆಗೆ ಹೋದೆ. ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. ಬಾಗಿಲಲ್ಲೇ ಅಂದುಬಿಟ್ಟೆ, “ತಪ್ಪಾಯ್ತು ಚಿಕ್ಕಮ್ಮ. ಕೇಳ್ಬೇಕಿತ್ತು.”

ಒಂದು ತೋಳು ಪೂರ್ತಿ ಇಸ್ತ್ರಿ ಮಾಡಿದಳು. ಆಮೇಲೆ ತಲೆ ಎತ್ತದೆ ಹೇಳಿದಳು.

“ಹೊಸದಾಗಿ ಬರೋ ಬಸುರಿ ಮೊದಲು ನನ್ನ ಕೈ ನೋಡ್ತಾಳೆ. ಮುಟ್ಟಿಸ್ಕೊಳ್ಳೋಕೆ ಹಿಂದೆಮುಂದೆ ನೋಡ್ತಾಳೆ. ನೋವು ಶುರುವಾದ್ಮೇಲೆ ಅದೇ ಕೈನ ಬಿಡೋದೇ ಇಲ್ಲ. ಅಷ್ಟು ಹೊತ್ತು ಕಾಯೋದು ನಂಗೆ ಅಭ್ಯಾಸ ಆಗಿದೆ. ಗೋಡೆ ಮೇಲಿನ ಫೋಟೋಗೆ ಕೈ ಎಲ್ಲಿದೆ, ಹಿಡ್ಕೊಳ್ಳೋಕೆ? ನೋಡ್ತಾರೆ, ಮುಖ ತಿರುಗಿಸ್ತಾರೆ. ಮುಗೀತು.”

ಇಸ್ತ್ರಿಪೆಟ್ಟಿಗೆ ಇಸಿದುಕೊಂಡು ಉಳಿದ ಎರಡು ಯೂನಿಫಾರ್ಮ್ ನಾನೇ ಮಾಡಿದೆ.

“ಕಾಲರ್ ಹಾಳು ಮಾಡ್ದೆ ನೋಡು. ಇಷ್ಟು ವರ್ಷ ಏನು ಕಲಿಸಿದ್ನೋ ನಿಂಗೆ!”

ಬೈದಳು. ಬೈಗುಳ ಕೇಳಿ ಇಷ್ಟು ಹಾಯೆನಿಸಿದ್ದು ಇದೇ ಮೊದಲು.

ಮಾರ್ಚ್ 24

ಹೇಳದೆ ಕೇಳದೆ ಬಂದು ಕಂಪ್ಯೂಟರಿನ ಮುಂದೆ ಸ್ಟೂಲ್ ಎಳೆದುಕೊಂಡಳು. “ಎಲ್ಲಿ, ಹೆಂಗೆ ಮಾಡ್ತೀಯ ತೋರ್ಸು.” ಮೌಸ್ ಅವಳ ಕೈಗೇ ಕೊಟ್ಟೆ. ಕೆಂಪಿನ ಸ್ಲೈಡರನ್ನು ಕೊನೆಯವರೆಗೂ ತಳ್ಳಿದಳು. ಮಚ್ಚೆ ಮಾಯ. ತುಂಬ ಹೊತ್ತು ನೋಡಿದಳು.

“ಥೇಟ್ ನಿಮ್ಮಮ್ಮ ಕಣೇ.”

ನಿಜ. ಅದೇ ಗಲ್ಲ, ಅದೇ ತುಟಿ. ಮೊನ್ನೆ ಅಷ್ಟೆಲ್ಲ ತಿದ್ದುವಾಗ ನನಗೆ ಕಂಡಿರಲಿಲ್ಲ.

ಆಮೇಲೆ ಸ್ಲೈಡರನ್ನು ಮೆಲ್ಲಗೆ ಹಿಂದಕ್ಕೆಳೆದಳು. “ಅಕ್ಕ ಅವಳ ಪಾಡಿಗೆ ಇರ್ಲಿ.” ಇನ್ನೂ ಸ್ವಲ್ಪ. ಕಣ್ಣಿನ ಕೆಳಗಿನ ಮಚ್ಚೆ ನೆರಳಿನಷ್ಟು ಕಂಡಿತು. ಬಾಯಿಯ ಸುತ್ತಲಿನದೂ. “ಇಲ್ಲಿ. ಇಷ್ಟು ಸಾಕು.”

ಅಲ್ಲಿಗೇ ಬಿಟ್ಟೆ. ಗ್ರೇನ್ ಹಾಕಲಾ ಅಂತ ಮಾತ್ರ ಕೇಳಿದೆ.

“ಆ ಮರಳಾ? ಉದುರ್ಸು ಒಂಚೂರು. ಆ ನಾಲ್ಕು ಜನದ ಪಕ್ಕ ನಾನೊಬ್ಬಳೇ ನಿನ್ನೆ ಹುಟ್ಟಿದಂಗೆ ಕಾಣ್ಬಾರ್ದು.”

ಅಮ್ಮನಂತೆ ಕಂಡದ್ದನ್ನು, ನಿಂಗೆ ಬೇಕಿದ್ರೆ ಇಟ್ಕೋ ಅಂದಳು. ಇಟ್ಟುಕೊಂಡೆ. ಸುಳ್ಳು ಯಾಕೆ?

ಮಾರ್ಚ್ 31, ಸಂಜೆ 4:40, ಆಸ್ಪತ್ರೆಯ ಕಾರಿಡಾರ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೀಳ್ಕೊಡುಗೆ ನಾಲ್ಕಕ್ಕೆ ಶುರುವಾಗಬೇಕಿತ್ತು. ಕೇಕ್ ಇದೆ, ಡಾಕ್ಟರ್ ಇದ್ದಾರೆ, ಚಿಕ್ಕಮ್ಮನೇ ಇಲ್ಲ.

ಐದನೇ ಫೋಟೋ ಗೋಡೆಯ ಮೇಲಿದೆ. ನಾಲ್ಕು ಜನದ ಪಕ್ಕ ಚೆನ್ನಾಗಿ ಹೊಂದಿಕೊಂಡಿದೆ. ಮಧ್ಯಾಹ್ನ ಒಬ್ಬಳು ತುಂಬು ಬಸುರಿ ಇದೇ ಬೆಂಚಿನಲ್ಲಿದ್ದಳು. ಫೋಟೋ ನೋಡಿದಳು, ಚಿಕ್ಕಮ್ಮನನ್ನು ನೋಡಿದಳು, ಮತ್ತೆ ಫೋಟೋ.

“ಇದು ನೀವೇನಾ ಸಿಸ್ಟರ್?”

“ಹೂಂ ಕಣಮ್ಮ. ಆವತ್ತು ಸ್ವಲ್ಪ ಕಂದಾಗಿದ್ದೆ.”

ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ನೋವು ಶುರುವಾಯಿತು. ಚಿಕ್ಕಮ್ಮ ಒಂದು ನಿಮಿಷ ಅಂತ ಅವಳ ಜೊತೆ ಒಳಗೆ ಹೋದವಳು — ಎರಡು ಗಂಟೆಯಾಯಿತು. ಡ್ಯೂಟಿ ಮುಗಿದೇ ಎಷ್ಟೋ ಹೊತ್ತಾಯಿತು. ಡಾಕ್ಟರು ವಾಚ್ ನೋಡುವುದನ್ನೂ ಬಿಟ್ಟಿದ್ದಾರೆ.

ಬಾಗಿಲು ತೆರೆಯಿತು. ಹೆಣ್ಣಂತೆ!

“ಪುಟ್ಟೀ, ಕ್ಯಾಮೆರಾ ತಂದಿದ್ದೀಯಾ? ಕೂಸಿನಪ್ಪ ಊರಲ್ಲಿಲ್ಲ, ಫೋಟೋ ಕಳಿಸ್ಬೇಕಂತೆ. ಬಾ ಬೇಗ, ನಾನೇ ಎತ್ಕೊಂಡಿರ್ತೀನಿ —”

ಬಾಗಿಲಲ್ಲೇ ನಿಂತಿದ್ದಾಳೆ, ಕೂಸನ್ನು ಕೆನ್ನೆಗೆ ಒತ್ತಿಕೊಂಡು, ಮುಖ ಈ ಕಡೆಗೇ. ಕಿಟಕಿಯ ಬೆಳಕು ನೇರ ಅವಳ ಮೇಲೆ… ಲೆನ್ಸ್ ಕ್ಯಾಪ್ ಎಲ್ಲಿ ಸಿಕ್ಕಿಕೊಂಡಿತೋ ಇದು, ಬಂದೆ ಚಿಕ್ಕಮ್ಮ, ಬಂ